ಸೂರ್ಯಕಾಂತಿ ಎಣ್ಣೆ: ಬಂದ ದಾರಿ, ಬಳಕೆ ಮತ್ತು ವ್ಯಾಪಾರ

ನಮ್ಮ ಮಾರುಕಟ್ಟೆಯಲ್ಲಿ ಸೂರ್ಯಕಾಂತಿ ಕಾಳಿನ ಧಾರಣೆಯು ದೂರದ ಕಪ್ಪು ಸಮುದ್ರದ ಬಂದರುಗಳ ಸ್ಥಿತಿಗತಿಯೊಂದಿಗೆ ಏರಿಳಿಯುವುದನ್ನು ನೀವು ಗಮನಿಸಿರಬಹುದು. ಇದರ ಕಾರಣವು ಈ ಬೆಳೆಯ ಚರಿತ್ರೆಯಲ್ಲಿದೆ.

ಮೂಲ ಮತ್ತು ಬಳಕೆ: ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿನ ಮೂಲನಿವಾಸಿಗಳು ಕಾಳನ್ನು ಹಿಟ್ಟು ಮಾಡಿ ತಿನ್ನುತ್ತಿದ್ದರು. ಜಜ್ಜಿ ಕುದಿಸಿ ತೆಗೆದ ಎಣ್ಣೆಯನ್ನು ಕೂದಲಿಗೂ ಮೈಗೂ ಹಚ್ಚುತ್ತಿದ್ದರು. 16ನೆಯ ಶತಮಾನದಲ್ಲಿ ಸ್ಪೇನಿನವರು ಇದನ್ನು ಯುರೋಪಿಗೆ ಒಯ್ದಾಗ ಇದು ಉದ್ಯಾನದ ಹೂವಾಗಿತ್ತು. 1716ರಲ್ಲಿ ಇಂಗ್ಲೆಂಡಿನಲ್ಲಿ ಈ ಎಣ್ಣೆ ತೆಗೆಯಲು ಹಕ್ಕುಸ್ವಾಮ್ಯ ಪಡೆದುದೂ ಅಡುಗೆಗಲ್ಲ. ಉಣ್ಣೆ, ಬಣ್ಣ ಮತ್ತು ಚರ್ಮದ ಕೆಲಸಗಳಿಗೆ.

ರಷ್ಯಾದ ಕೊಡುಗೆ: ಚರ್ಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ಮತ್ತು ಕೊಬ್ಬು ವರ್ಜ್ಯವಾಗಿದ್ದುದರಿಂದ ರಷ್ಯಾದಲ್ಲಿ ಸಸ್ಯಜನ್ಯ ಎಣ್ಣೆಗೆ ಬೇಡಿಕೆಯಿತ್ತು. 1829ರಲ್ಲಿ ಅಲೆಕ್ಸೆಯೆವ್ಕಾ ಗ್ರಾಮದ ಬೊಕಾರೆವ್ ಎಂಬ ಜೀತದಾಳು ಕೈಗಾಣದಲ್ಲಿ ಎಣ್ಣೆ ತೆಗೆದನು. 20ನೆಯ ಶತಮಾನದಲ್ಲಿ ವಿಜ್ಞಾನಿ ಪುಸ್ತೊವೊಯ್ತ್ ಅವರು ಆಯ್ಕೆ ವಿಧಾನದಿಂದ ಕಾಳಿನ ಎಣ್ಣೆಯ ಅಂಶವನ್ನು ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದಷ್ಟಕ್ಕೆ ಏರಿಸಿದರು.

ನಮ್ಮ ನಾಡಿನಲ್ಲಿ: 1969ರಲ್ಲಿ ಸೋವಿಯತ್ ಒಕ್ಕೂಟದ ತಳಿಗಳೊಂದಿಗೆ ಭಾರತಕ್ಕೆ ಇದು ಎಣ್ಣೆಕಾಳು ಬೆಳೆಯಾಗಿ ಬಂದಿತು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ದೇಶದ ಮೊದಲ ಸಂಕರಣ ತಳಿ ಬಿಎಸ್‌ಎಚ್-1 ಅನ್ನು ನೀಡಿತು. 1997ರಲ್ಲಿ ಬಾಗೇಪಲ್ಲಿಯಲ್ಲಿ ಮೊದಲು ಕಂಡ ನೆಕ್ರೋಸಿಸ್ ನಂಜುರೋಗವು ಬೆಳೆಗಾರರನ್ನು ಕಂಗೆಡಿಸಿತು. ಕಾಲಕ್ರಮೇಣ ಬಿತ್ತನೆ ಕ್ಷೇತ್ರ ಕುಗ್ಗಿ, ಉಕ್ರೇನ್, ರಷ್ಯಾ ಮತ್ತು ಅರ್ಜೆಂಟೀನಾದ ಎಣ್ಣೆ ನಮ್ಮ ಮಾರುಕಟ್ಟೆಯನ್ನು ತುಂಬಿತು. 2022ರ ಯುದ್ಧದಿಂದ ಹಡಗುಗಳು ನಿಂತಾಗ ಇಲ್ಲಿ ಎಣ್ಣೆಯ ಬೆಲೆ ಏರಿದುದು ಈ ಅವಲಂಬನೆಯ ಫಲ.

ರೈತರು ಗಮನಿಸಬೇಕಾದ ಅಂಶಗಳು: ವಿದೇಶದ ಧಾರಣೆ ನಮ್ಮ ಕೈಯಲ್ಲಿಲ್ಲ, ಕಾಳಿನ ಗುಣಮಟ್ಟ ನಮ್ಮ ಕೈಯಲ್ಲಿದೆ.
• ಸಂಕರಣ ಬೆಳೆಯ ಕಾಳನ್ನು ಮತ್ತೆ ಬಿತ್ತಬಾರದು. ಮುಂದಿನ ಪೀಳಿಗೆಯಲ್ಲಿ ಗಿಡಗಳು ಏಕರೂಪವಾಗಿರದೆ ಇಳುವರಿ ಕುಗ್ಗುತ್ತದೆ.
• ನಂಜಾಣುವಿಗೆ ಆಸರೆಯಾಗುವ ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮೊದಲೇ ಬದುಗಳಿಂದ ಕಿತ್ತುಹಾಕಬೇಕು. ಅದರ ಪರಾಗದ ಮೂಲಕ ಥ್ರಿಪ್ಸ್ ನುಸಿಗಳು ರೋಗ ಹರಡುತ್ತವೆ.
• ಬೆಳೆ ಹೂವಾಡುವಾಗ ಕೀಟನಾಶಕ ಸಿಂಪಡಿಸಬಾರದು. ಜೇನುನೊಣಗಳಿಲ್ಲದಿದ್ದರೆ ಜೊಳ್ಳು ಹೆಚ್ಚುತ್ತದೆ.
• ಕಾಳನ್ನು ಶೇ. 9ರಿಂದ 10ರ ತೇವಾಂಶಕ್ಕೆ ಒಣಗಿಸಿ ದಾಸ್ತಾನು ಮಾಡಬೇಕು. ಹಸಿ ಕಾಳಿಗೆ ಬೂಷ್ಟು ಹಿಡಿದು ಎಣ್ಣೆ ಕೆಡುತ್ತದೆ.