ಅಮೆರಿಕದ ಓದಿಗೆ ಹಣ ಕೊಡುವವರು ಯಾರು?

ನನ್ನಿವಾಳ ಚಳ್ಳಕೆರೆ ತಾಲ್ಲೂಕಿನ ಊರು. ಮ್ಯಾಸಬೇಡರ ಕಟ್ಟೆಮನೆಗಳಲ್ಲೊಂದು ಇಲ್ಲಿದೆ. ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು, ಕೋಳಿ ಮುಟ್ಟಬಾರದು, ಹೆಂಡ ಕುಡಿಯಬಾರದು ಎಂಬ ಹಿರಿಯರ ಕಟ್ಟಳೆ, ಇವೆಲ್ಲ ಆ ಜನರ ಬದುಕಿಗೆ ಸೇರಿದವು. ಸುತ್ತಮುತ್ತ ಮಳೆಯನ್ನೇ ನಂಬಿದ ಶೇಂಗಾ ಹೊಲಗಳು. ಮಳೆಯೋ, ರಾಜ್ಯದಲ್ಲೇ ಅತಿ ಕಡಿಮೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಇಂಥ ಊರಿನ ಹುಡುಗನೊಬ್ಬ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಎಂಜಿನಿಯರಿಂಗ್ ಮುಗಿಸಿ, ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಟನೆಂದು ಇಟ್ಟುಕೊಳ್ಳೋಣ. ಅಲ್ಲಿಯ ಕ್ಯಾಂಪಸ್ಸಿನಲ್ಲಿ ಅವನ ದಿನಗಳು ಹೇಗಿರುತ್ತವೆ? ಕೇಳಿದರೆ ಎಲ್ಲರೂ ಚಳಿ, ಇಂಗ್ಲಿಷು, ಊಟದ ಮಾತನ್ನೇ ಎತ್ತುತ್ತಾರೆ. ಅವು ಮೊದಲ ಆರು ತಿಂಗಳ ಕಷ್ಟಗಳು. ಕೊನೆಯತನಕ ಕಾಡುವ ಪ್ರಶ್ನೆ ಬೇರೆ: ಓದಿನ ಖರ್ಚು ಕೊಟ್ಟವರು ಯಾರು, ಬದಲಿಗೆ ಅವರು ಕೇಳುವುದೇನು?

ಈ ಪ್ರಶ್ನೆ ಹಳೆಯದು. 1913ರ ಜುಲೈನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಅಂಬೇಡ್ಕರ್ ಅವರಿಗೆ ಹಣ ಕೊಟ್ಟದ್ದು ಬರೋಡಾ ಸಂಸ್ಥಾನ. ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ. ಪ್ರತಿಯಾಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು. ಮೊದಲು ಇಳಿದುಕೊಂಡ ಹಾರ್ಟ್‌ಲಿ ಹಾಲ್ ಎಂಬ ಹಾಸ್ಟೆಲಿನ ಊಟ ಒಗ್ಗಲಿಲ್ಲ, ಅಲ್ಲಿಂದ ಹೊರಟರು. ಕೊನೆಗೆ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ನವಲ್ ಭಟೇನಾ ಎಂಬ ಪಾರ್ಸಿ ವಿದ್ಯಾರ್ಥಿಯ ಜೊತೆ ನೆಲೆ ಸಿಕ್ಕಿತು. ಕರಾರಿನಂತೆ 1917ರಲ್ಲಿ ಬರೋಡಾಕ್ಕೆ ಬಂದಾಗ ಮಾತ್ರ ಅವರಿಗೆ ಬಾಡಿಗೆಗೆ ಒಂದು ಕೋಣೆ ಕೊಡುವವರಿರಲಿಲ್ಲ. ಪಾರ್ಸಿ ವಸತಿಗೃಹದಿಂದಲೂ ಹೊರಗೆ ಹಾಕಿಸಿಕೊಂಡರು. ನ್ಯೂಯಾರ್ಕಿನಲ್ಲಿ ದೊರೆತ ವಸತಿ ಸ್ವದೇಶದಲ್ಲಿ ದೊರೆಯಲಿಲ್ಲ.

ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಅವರದು ಇನ್ನೊಂದು ಬಗೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ಅವರಿಗೆ ದೆಹಲಿಯ ಸರ್ಕಾರ 1946ರಲ್ಲಿ ವಿದೇಶ ವ್ಯಾಸಂಗದ ವಿದ್ಯಾರ್ಥಿವೇತನ ಕೊಟ್ಟಿತು. ಮರುವರ್ಷ, ಸ್ವಾತಂತ್ರ್ಯ ಬರುವ ಹೊಸ್ತಿಲಿನಲ್ಲಿ, ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗಿನಲ್ಲಿ ಮೂವತ್ತು ದಿನ ಪಯಣಿಸಿ ಅಮೆರಿಕ ತಲುಪಿದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿದ ಬಳಿಕ ಸರ್ಕಾರದ ಕರಾರಿನಂತೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ತರಂಗಗಳ ಅಳತೆಯ ತರಬೇತಿ. ಸರ್ಕಾರದ ಹಣ ಅಲ್ಲಿಗೆ ಮುಗಿಯಿತು. ಆಮೇಲೆ ನೆರವಿಗೆ ಬಂದದ್ದು ಬಾರ್ಬರ್ ವಿದ್ಯಾರ್ಥಿವೇತನ. ಏಷ್ಯಾದ ಹೆಣ್ಣುಮಕ್ಕಳು ಓದಲೆಂದೇ ಲೀವೈ ಬಾರ್ಬರ್ ಎಂಬವರು 1917ರಲ್ಲಿ ಮಿಷಿಗನ್‌ನಲ್ಲಿ ಇಟ್ಟ ದತ್ತಿ ಅದು. ಅದರ ಬಲದಿಂದ ಪಿಎಚ್.ಡಿ. ಮುಗಿಸಿ 1953ರಲ್ಲಿ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಮೈಕ್ರೋವೇವ್ ಪಾಠ ಹೇಳಿದರು. ಅದೇ ಸಂಸ್ಥೆಯ ಎರಡನೆಯ ಆವರಣ ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ಅವರೆಲ್ಲ ಮರಳಿದ್ದು ದೇಶಪ್ರೇಮದಿಂದ ಎಂದು ಹೇಳುವ ರೂಢಿಯಿದೆ. ಅದು ಸುಳ್ಳಲ್ಲ, ಆದರೆ ಅಷ್ಟೇ ನಿಜವೂ ಅಲ್ಲ. 1946ರ ಕಾಯ್ದೆಯಂತೆ ಭಾರತದಿಂದ ಅಮೆರಿಕಕ್ಕೆ ವಲಸೆ ಹೋಗಲು ವರ್ಷಕ್ಕೆ ಸುಮಾರು ನೂರು ಜನರಿಗಷ್ಟೇ ಅವಕಾಶವಿತ್ತು. ಈ ಬಾಗಿಲು ಅಗಲವಾದದ್ದು 1965ರಲ್ಲಿ, ದೇಶವಾರು ಹಳೆಯ ಕೋಟಾ ಪದ್ಧತಿ ರದ್ದಾದಾಗ. ಎ.ಕೆ. ರಾಮಾನುಜನ್ ಅವರಂಥವರು ಅದಕ್ಕೂ ಮೊದಲೇ ಅಲ್ಲಿ ನೆಲೆಸಿದರು, ನಿಜ. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ, 1963ರಲ್ಲಿ ಭಾಷಾಶಾಸ್ತ್ರದ ಪಿಎಚ್.ಡಿ. ಪಡೆದ ಅವರನ್ನು ಷಿಕಾಗೋ ವಿಶ್ವವಿದ್ಯಾಲಯ ತನ್ನಲ್ಲೇ ಉಳಿಸಿಕೊಂಡಿತು. ಅಂಥವರು ಬೆರಳೆಣಿಕೆಯವರು.

ಈಗ ಲೆಕ್ಕವೇ ಬೇರೆ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಚೀನಾವನ್ನೂ ಹಿಂದೆ ಹಾಕಿದ ಸಂಖ್ಯೆ. ಇವರಲ್ಲಿ ಸುಮಾರು ಎರಡು ಲಕ್ಷ ಮಂದಿ ಸ್ನಾತಕೋತ್ತರ ಹಂತದವರು, ಪದವಿ ತರಗತಿಯವರು 36 ಸಾವಿರದಷ್ಟು ಮಾತ್ರ. ಕ್ಯಾಂಪಸ್ಸಿನಲ್ಲಿ ಅವರು ಎರಡು ಗುಂಪಾಗಿ ಕಾಣುತ್ತಾರೆ. ಪಿಎಚ್.ಡಿ. ಮಾಡುವವರಿಗೆ ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ಶುಲ್ಕ ಬಿಟ್ಟುಕೊಟ್ಟು ತಿಂಗಳ ವೇತನ ಕೊಡುತ್ತದೆ. ಬದಲಿಗೆ ಅವರು ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ದುಡಿಯಬೇಕು, ಇಲ್ಲವೆ ಪದವಿ ಹುಡುಗರಿಗೆ ಪಾಠ ಹೇಳಿ ಉತ್ತರಪತ್ರಿಕೆ ತಿದ್ದಬೇಕು. ಗುರುವಿನೊಡನೆ ಸಲಿಗೆ ಬೆಳೆಯುವುದು ಇಲ್ಲಿಯೇ. ಬಿ.ಜಿ.ಎಲ್. ಸ್ವಾಮಿ ಹಾರ್ವರ್ಡ್‌ನ ದಿನಗಳನ್ನು ‘ಅಮೆರಿಕದಲ್ಲಿ ನಾನು’ ಪುಸ್ತಕದಲ್ಲಿ ಬರೆದರು. ಅಲ್ಲಿಯ ಪ್ರಾಧ್ಯಾಪಕ ಇರ್ವಿಂಗ್ ಬೈಲಿ ಅವರ ಹೆಸರನ್ನು ಒಂದು ಗಿಡಕ್ಕೂ ಇಟ್ಟರು.

ಎಂ.ಎಸ್. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತಾವೇ ಹಣ ಕಟ್ಟಿ ಓದುವವರು. ವಿಶ್ವವಿದ್ಯಾಲಯ ಕಳಿಸುವ ಐ-20 ಪತ್ರ ಕೈಗೆ ಬರಬೇಕಾದರೇ ಮೊದಲ ವರ್ಷದ ಖರ್ಚಿಗೆ ಹಣವಿದೆ ಎಂದು ತೋರಿಸಬೇಕು. ಆಗಸ್ಟಿನಲ್ಲಿ ಇಳಿದ ಮೇಲೆ ಹಾಸ್ಟೆಲು ದುಬಾರಿಯೆಂದು ನಾಲ್ವರು ಸೇರಿ ಹೊರಗೆ ಮನೆ ಹಿಡಿಯುತ್ತಾರೆ. ಸರದಿಯ ಮೇಲೆ ಅಡುಗೆ, ಸರದಿಯ ಮೇಲೆ ಪಾತ್ರೆ. ಭಾರತೀಯ ಅಂಗಡಿ ಇದ್ದ ಊರಲ್ಲಿ ರಾಗಿಹಿಟ್ಟು ಸಿಕ್ಕೀತು; ಮುದ್ದೆ ತಿರುವುವ ಕೋಲು ಸಿಗಲಾರದು. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ, ಅದೂ ಕ್ಯಾಂಪಸ್ಸಿನೊಳಗೆ, ಕೆಲಸ ಮಾಡಬಹುದು. ಗ್ರಂಥಾಲಯದ ಮೇಜಿನ ಕೆಲಸ ಸಿಕ್ಕರೆ ಅದೃಷ್ಟ. ಬಹಳ ಜನಕ್ಕೆ ಸಿಗುವುದು ಊಟದ ಹಾಲ್‌ನಲ್ಲಿ ಬಡಿಸುವ, ತಟ್ಟೆ ತೊಳೆಯುವ ಕೆಲಸ. ಅಲ್ಲಿ ದಿನವೂ ಇರುವುದು ಕೋಳಿ. ಕಟ್ಟಳೆ ಪಾಲಿಸುವ ಮ್ಯಾಸಬೇಡರ ಮನೆಯ ಹುಡುಗ ತಿನ್ನದೆ ಇರಬಹುದು, ಬಡಿಸದೆ ಇರಲಾರ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಮೆರಿಕದ ಹುಡುಗರೆಲ್ಲ ಊರಿಗೆ ಹೋಗಿ ಆವರಣ ಬಿಕೋ ಎನ್ನುವಾಗ ಉಳಿಯುವವರು ಹೆಚ್ಚಾಗಿ ವಿದೇಶಿಯರೇ.

ಓದು ಮುಗಿದ ಮೇಲೆ ಹನ್ನೆರಡು ತಿಂಗಳು ಅಲ್ಲೇ ಕೆಲಸ ಮಾಡಲು ಅನುಮತಿ ಸಿಗುತ್ತದೆ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಇನ್ನೂ 24 ತಿಂಗಳು. ಕಾಗದದ ಮೇಲೆ ಇದು ತರಬೇತಿ. ಸಾಲ ಮಾಡಿ ಬಂದವನಿಗೆ ಇದೇ ಸಾಲ ತೀರಿಸುವ ಗಡುವು. 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಹೊರಟಾಗ ಈ ಹುಡುಗರ ನಿದ್ದೆ ಹಾರಿದ್ದು ಸಹಜ. ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂಬ ಸ್ಪಷ್ಟನೆ ಬಂದದ್ದು ಮರು ತಿಂಗಳು.

ಸಾಲದ ಮಾತಿಗೆ ಬಂದರೆ, ನನ್ನಿವಾಳದಂಥ ಊರಿಗೂ ಬೆಂಗಳೂರಿಗೂ ಇರುವ ಅಂತರ ಕಾಣುವುದು ಇಲ್ಲಿ. ಎಂ.ಎಸ್. ಓದಿಗೆ ಮೂವತ್ತು ನಲವತ್ತು ಲಕ್ಷ ರೂಪಾಯಿ ಬೇಕಾಗುವುದು ಸಾಮಾನ್ಯ. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಬ್ಯಾಂಕು ಆಸ್ತಿಯ ಅಡಮಾನ ಕೇಳುತ್ತದೆ. ಬೆಂಗಳೂರಿನಲ್ಲಿ ಸೈಟು ಇದ್ದವರಿಗೆ ಕೆಲಸ ಸುಲಭ. ಹತ್ತು ಎಕರೆ ಶೇಂಗಾ ಹೊಲ ಇದ್ದವನ ಪಹಣಿಯನ್ನು ಬ್ಯಾಂಕು ನೋಡಿ ಹಿಂದಿರುಗಿಸುವುದೇ ಹೆಚ್ಚು. ಸುಸ್ತಿಯಾದ ಸಾಲಕ್ಕೆ ಆಸ್ತಿಯನ್ನು ನೇರವಾಗಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಿಂದ ಕೃಷಿ ಭೂಮಿಯನ್ನು ಹೊರಗಿಟ್ಟಿದ್ದಾರೆ. ರೈತನ ಹೊಲ ಉಳಿಯಲೆಂದು ಮಾಡಿದ ಏರ್ಪಾಡೇ ರೈತನ ಮಗನ ಸಾಲಕ್ಕೆ ಅಡ್ಡವಾಗುತ್ತದೆ. ಆಮೇಲೆ ಉಳಿಯುವುದು ಹೊಲ ಮಾರುವುದು, ಇಲ್ಲವೆ ಹೆಚ್ಚು ಬಡ್ಡಿಯ ಖಾಸಗಿ ಸಾಲ.

ಇನ್ನುಳಿದ ದಾರಿ ಸರ್ಕಾರದ್ದು. ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಮ್ಯಾಸಬೇಡರ ಮಕ್ಕಳೂ ಕೇಂದ್ರ ಬುಡಕಟ್ಟು ಸಚಿವಾಲಯದ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಶುಲ್ಕ, ವಿಮಾನ, ಊಟ, ವಸತಿ ಎಲ್ಲವೂ ಅದರಲ್ಲಿ ಸೇರುತ್ತವೆ. ಇಡೀ ದೇಶಕ್ಕೆ ವರ್ಷಕ್ಕೆ 20 ಸ್ಥಾನ. ಅವುಗಳಲ್ಲಿ ಮೂರು ಅತಿ ಹಿಂದುಳಿದ ಬುಡಕಟ್ಟುಗಳಿಗೆ ಮೀಸಲು.