ಉಪ್ಪು ಕಚ್ಚಿದ ಬೋಲ್ಟ್ ಬಿಚ್ಚೋದು ಹೇಗೆ?

ಕುಷಾಯಿಗೂಡದಲ್ಲಿ ಕೂತು ದೋಣಿ ಇಂಜಿನ್ ಮಾತು ಯಾಕಪ್ಪಾ ಅನ್ನಬೇಡಿ. ಮಲ್ಪೆ, ಹೊನ್ನಾವರ ಕಡೆಯೋರು ನಮ್ಮಲ್ಲೂ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆಗ ದುಡಿಮೆ 10 ಎಚ್‌ಪಿ ಒಳಗಿನ ಔಟ್‌ಬೋರ್ಡ್ ಕಟ್ಟಿದ ನಾಡದೋಣಿಗಳದು. ಆ ಹೊತ್ತಲ್ಲಿ ಬೋಲ್ಟ್ ಇಂಜಿನ್ ಒಳಗೇ ಮುರಿದರೆ ಅಷ್ಟು ದಿನದ ಮೀನು ಹೋಯ್ತು.

ಇದು ಬರೀ ತುಕ್ಕಲ್ಲ. ಇಂಜಿನ್ ಮೈ ಅಲ್ಯೂಮಿನಿಯಂ, ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್. ನಡುವೆ ಉಪ್ಪುನೀರು ಸೇರಿದರೆ ಬ್ಯಾಟರಿ ಥರಾನೇ. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಉಬ್ಬಿ, ಥ್ರೆಡ್ಡನ್ನ ಬಿಗಿಯುತ್ತೆ.

ಹಾಗಾಗಿ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆಯಬೇಡಿ. ಪೆನಿಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಣ್ಣೆ ಒರೆಸಿ, ಇಂಧನದ ಟ್ಯಾಂಕ್ ದೂರ ಇಟ್ಟು, ಹೀಟ್ ಗನ್ ಹಿಡಿಯಿರಿ. ಬಿಸಿ ಬೋಲ್ಟಿಗಲ್ಲ, ಸುತ್ತಲಿನ ಅಲ್ಯೂಮಿನಿಯಂಗೆ. ಅದು ಸ್ಟೀಲಿಗಿಂತ ಹೆಚ್ಚು ಹಿಗ್ಗುತ್ತೆ. ಗ್ಯಾಸ್ ಟಾರ್ಚ್ ಬೇಡ: ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತೆ, ಅದೂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಸದೆ.

ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲ, ಮತ್ತೆ ಬಿಗಿ. ಕೈಗೆ ಸ್ಪ್ರಿಂಗ್ ಥರ ಅನಿಸಿತಾ? ನಿಲ್ಲಿಸಿ. ಬೋಲ್ಟ್ ಬಿಚ್ಚುತ್ತಿಲ್ಲ, ತಿರುಚುತ್ತಿದೆ. ಮತ್ತೆ ಎಣ್ಣೆಯಿಂದ ಶುರು ಮಾಡಿ. ವಾಪಸ್ ಹಾಕುವಾಗ ಥ್ರೆಡ್ಡಿಗೆ ಮರೈನ್ ಗ್ರೀಸ್ ಸವರೋದು ಮರೀಬೇಡಿ.