ಗಾಳಿ ಇಳಿಸಿದರೆ ಟೈರ್ ತಣ್ಣಗಾಗದು

“ಬೇಸಿಗೆಯಲ್ಲಿ ಬೈಕಿನ ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಹಾಕಿಸಬೇಕಂತೆ, ಹೌದೇ?” ಓದುಗರೊಬ್ಬರ ಪ್ರಶ್ನೆ. ಕಾದ ಟೈರ್ ಉಬ್ಬಿ ಒಡೆದೀತೆಂಬ ಭಯ ಅದರ ಹಿಂದಿದೆ.

ಕಾದರೆ ಒತ್ತಡ ಏರುವುದು ನಿಜ. ಬೆಳಿಗ್ಗೆ 25 ಡಿಗ್ರಿ ಇದ್ದಾಗ ಮುಂದಿನ ಚಕ್ರಕ್ಕೆ 25 ಪಿಎಸ್‌ಐ ಹಾಕಿಸಿದಿರಿ ಅನ್ನಿ. ಹೆದ್ದಾರಿಯಲ್ಲಿ ಓಡಿ ಒಳಗಿನ ಗಾಳಿ 55 ಡಿಗ್ರಿ ಮುಟ್ಟಿದರೆ ಮೀಟರ್ 29ರ ಹತ್ತಿರ ನಿಲ್ಲುತ್ತದೆ. ಆಗ ಬಂಕಿನಲ್ಲಿ “ನಾಲ್ಕು ಇಳಿಸಪ್ಪ” ಅಂದಿರೋ, ಮರುದಿನ ಬೆಳಿಗ್ಗೆ ಉಳಿಯುವುದು 21, ಹೆಚ್ಚೆಂದರೆ 22. ಚೈನ್ ಕವರಿನ ಮೇಲೆ ಅಂಟಿಸಿರುವ ಅಂಕಿ ತಣ್ಣನೆಯ ಟೈರಿನದು. ಓಡುವಾಗ ಏರುವ ನಾಲ್ಕೈದನ್ನು ಲೆಕ್ಕ ಹಿಡಿದೇ ಅದನ್ನು ಗೊತ್ತುಮಾಡಿರುತ್ತಾರೆ.

ಟೈರನ್ನು ಕಾಯಿಸುವುದು ಬಿಸಿಲೊಂದೇ ಅಲ್ಲ. ಅಗಲವಾದ ರಬ್ಬರ್ ಬ್ಯಾಂಡೊಂದನ್ನು ಸರಕ್ಕನೆ ಎಳೆದು ತುಟಿಗೆ ತಾಗಿಸಿ ನೋಡಿ, ಬೆಚ್ಚಗಿರುತ್ತದೆ. ಇದನ್ನು 1805ರಲ್ಲೇ ಬರೆದಿಟ್ಟವನು ಇಂಗ್ಲೆಂಡಿನ ಜಾನ್ ಗಾಫ್. ಸಿಡುಬಿನಿಂದ ಎಳವೆಯಲ್ಲೇ ಕಣ್ಣು ಕಳೆದುಕೊಂಡವನು, ಪರಮಾಣುವಾದದ ಡಾಲ್ಟನ್‌ಗೆ ಪಾಠ ಹೇಳಿದವನು. ತುಟಿಯನ್ನೇ ಥರ್ಮಾಮೀಟರ್ ಮಾಡಿಕೊಂಡದ್ದು ಅವನಿಗೇ ಹೊಳೆಯಬೇಕಾದ ಉಪಾಯ! ಎಳೆದಾಗ ಬಿಸಿ, ಬಿಟ್ಟಾಗ ತಂಪು. ಆದರೆ ಲೆಕ್ಕ ಪೂರ್ತಿ ಚುಕ್ತಾ ಆಗುವುದಿಲ್ಲ. ಪ್ರತಿ ಸಲವೂ ಚೂರು ಶಾಖ ರಬ್ಬರಿನಲ್ಲೇ ಉಳಿಯುತ್ತದೆ.

ಬೈಕಿನ ಚಕ್ರ ಕಿಲೋಮೀಟರಿಗೆ ಸುಮಾರು 500 ಸುತ್ತು ಹೊಡೆಯುತ್ತದೆ. ಪ್ರತಿ ಸುತ್ತಿಗೂ ಟೈರಿನ ಒಂದೊಂದು ಭಾಗವೂ ನೆಲಕ್ಕೆ ತಾಗಿ ಮಡಚಿ ಮತ್ತೆ ನೆಟ್ಟಗಾಗಬೇಕು. ಗಾಳಿ ಕಮ್ಮಿಯಾದಷ್ಟೂ ಮಡಚುವುದು ಹೆಚ್ಚು, ಶಾಖವೂ ಹೆಚ್ಚು. ಅಂದರೆ ಒಡೆಯದಿರಲೆಂದು ಗಾಳಿ ಇಳಿಸಿದವರೇ ಟೈರಿನ ಪಕ್ಕದ ಗೋಡೆಯನ್ನು ಬೇಯಿಸುತ್ತಿರುತ್ತಾರೆ. ಹ್ಯಾಂಡಲ್ ಭಾರವಾಗುವುದು, ತಿರುವಿನಲ್ಲಿ ಗಾಡಿ ತೇಲಾಡಿದಂತಾಗುವುದು ಮೊದಲ ಸೂಚನೆ. ಹಾಗಂತ ಕಲ್ಲಿನಂತೆ ತುಂಬಿಸಿದರೆ ನೆಲ ಹಿಡಿಯುವ ಜಾಗ ಕುಗ್ಗಿ, ಬ್ರೇಕ್ ಹಾಕಿದಾಗ ಚಕ್ರ ಜಾರುತ್ತದೆ.

ದುಡ್ಡು ಕೊಟ್ಟು ನೈಟ್ರೋಜನ್ ಹಾಕಿಸಿದರೆ ಈ ಏರಿಳಿತ ಇರದು ಎನ್ನುವವರಿದ್ದಾರೆ. ಪುಕ್ಕಟೆ ಗಾಳಿಯಲ್ಲೇ ನೈಟ್ರೋಜನ್ 78 ಪಾಲು! ತೇವವಿಲ್ಲದಿರುವುದು, ತುಸು ನಿಧಾನ ಸೋರುವುದು ಅದರ ಲಾಭ, ಅಷ್ಟೇ. ಕಾದರೆ ಅದೂ ಹಿಗ್ಗುತ್ತದೆ.

ಇನ್ನೊಂದು ತಮಾಷೆ. ಬೆಂಗಳೂರಿನಲ್ಲಿ ಹಾಕಿಸಿದ 25, ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದಾಗ, ಟೈರ್ ಅಷ್ಟೇ ತಣ್ಣಗಿದ್ದರೆ, ಇಪ್ಪತ್ತಮೂರೂವರೆ ಆಗಿರುತ್ತದೆ. ಪಂಕ್ಚರ್ ಹುಡುಕಬೇಡಿ. ಮೀಟರ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ. ಒಂಬೈನೂರು ಮೀಟರ್ ಕೆಳಗಿಳಿದಿದ್ದೀರಿ, ಹೊರಗಿನ ಗಾಳಿ ಅಷ್ಟು ಜೋರಾಗಿ ಒತ್ತುತ್ತಿದೆ.